ಬೇರೆ ಗಾಡಿಯ ಹಬ್ ಮೋಟಾರ್ ಹಾಕಿದ ಮೇಲೆ ಚಕ್ರ ನಡುಗುತ್ತಿದೆಯೇ? ದೋಷ ಹುಡುಕುವ ಕ್ರಮ

ಎಲೆಕ್ಟ್ರಿಕ್ ಸ್ಕೂಟರಿನ ಮೋಟಾರ್ ಸುಟ್ಟಿದೆ. ಗುಜರಿಯಲ್ಲಿ ಅದೇ ಅಳತೆಯ ಇನ್ನೊಂದು ಗಾಡಿಯ ಹಿಂದಿನ ಚಕ್ರ ಮೋಟಾರ್ ಸಮೇತ ಸಿಕ್ಕಿತು. ತಂದು ಕೂರಿಸಿ, ಹಳದಿಗೆ ಹಳದಿ, ಹಸಿರಿಗೆ ಹಸಿರು, ನೀಲಿಗೆ ನೀಲಿ ವೈರ್ ಸೇರಿಸಿ ಥ್ರಾಟಲ್ ತಿರುವಿದರೆ ಚಕ್ರ ಓಡುವುದಿಲ್ಲ. ನಡುಗುತ್ತೆ, ಗುರ್ ಅನ್ನುತ್ತೆ, ಇಲ್ಲವೇ ಹಿಂದಕ್ಕೆ ತಿರುಗುತ್ತೆ. "ಈ ಮೋಟಾರೂ ಹೋಗಿದೆ" ಅನ್ನೋ ತೀರ್ಮಾನ ತಕ್ಷಣ ಬಂದುಬಿಡುತ್ತೆ. ಎಷ್ಟೋ ಒಳ್ಳೆ ಮೋಟಾರುಗಳು ಹೀಗೆ ಮತ್ತೆ ಗುಜರಿ ಸೇರುತ್ತವೆ. ಅದನ್ನು ತಪ್ಪಿಸಬೇಕು ಅನ್ನೋದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೋಟಾರ್ ಮತ್ತು ಅದಕ್ಕೆ ಬ್ಯಾಟರಿಯ ಕರೆಂಟನ್ನು ಅಳೆದು ಕೊಡುವ ಕಂಟ್ರೋಲರ್ ಒಂದು ಜೋಡಿ. ಮೋಟಾರ್ ಬದಲಿಸಿದಾಗ ನೀವು ಆ ಜೋಡಿಯನ್ನು ಮುರಿದಿದ್ದೀರಿ. ವೈರಿನ ಬಣ್ಣಕ್ಕೆ ಎಲ್ಲ ಕಂಪನಿಗಳೂ ಒಪ್ಪಿಕೊಂಡ ನಿಯಮ ಇಲ್ಲ. ಒಬ್ಬರ ಹಳದಿ ಇನ್ನೊಬ್ಬರ ನೀಲಿ ಆಗಿರಬಹುದು. ಹಾಗಾಗಿ ಬಣ್ಣ ಸೇರಿಸಿದ್ದು ಬರೀ ಆರಂಭ. ಉಳಿದದ್ದನ್ನು ಮೀಟರ್ ಹೇಳಬೇಕು.

ಇಲ್ಲಿ ಹೇಳುವುದೆಲ್ಲ ಹಿಂದಿನ ಚಕ್ರದಲ್ಲೇ ಮೋಟಾರ್ ಇರುವ, ಕಂಟ್ರೋಲರ್ ಬೇರೆ ಡಬ್ಬಿಯಲ್ಲಿರುವ 36, 48, 60 ವೋಲ್ಟಿನ ಸೈಕಲ್ ಮತ್ತು ಸಣ್ಣ ಸ್ಕೂಟರುಗಳಿಗೆ. ಏಥರ್‌ನಲ್ಲಿ ಮೋಟಾರ್ ಚಕ್ರದೊಳಗೆ ಇಲ್ಲ, ಬೆಲ್ಟ್ ಮೂಲಕ ಚಕ್ರ ತಿರುಗಿಸುತ್ತೆ. ಟಿವಿಎಸ್ ಐಕ್ಯೂಬ್‌ನಲ್ಲಿ ಚಕ್ರದ ನಡುವಿನ ಹಬ್ಬಿನಲ್ಲೇ ಇದೆ. ಆದರೆ ಅಂಥ ಗಾಡಿಗಳಲ್ಲಿ ಕಂಟ್ರೋಲರಿನ ಸಾಫ್ಟ್‌ವೇರ್ ಆ ಮೋಟಾರಿಗೆಂದೇ ಹೊಂದಿಸಿದ್ದು. ಅವುಗಳ ಮೋಟಾರನ್ನು ಮನೆಯಲ್ಲಿ ಅದಲುಬದಲು ಮಾಡಲು ಹೋಗಬೇಡಿ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಭಾರತದಲ್ಲಿ 250 ವಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿಲೋಮೀಟರ್ ಒಳಗೆ ಓಡುವ, ಬ್ಯಾಟರಿ ಬಿಟ್ಟು 60 ಕೆಜಿ ಮೀರದ ಗಾಡಿಗೆ ಮಾತ್ರ ನೋಂದಣಿ, ಲೈಸೆನ್ಸ್ ಬೇಡ. ಅಂಥ ಗಾಡಿಗೆ 800 ವಾಟ್ ಚಕ್ರ ಹಾಕಿದ ಕ್ಷಣ ಅದು ಕಾನೂನಿನ ಕಣ್ಣಿಗೆ ಮೋಟಾರು ವಾಹನ. ನೋಂದಣಿ ಆದ ಗಾಡಿಯಾದರೆ ಆರ್‌ಸಿಯಲ್ಲಿ ಎಂಜಿನ್ ನಂಬರ್ ಜಾಗದಲ್ಲಿ ಮೋಟಾರ್ ನಂಬರ್ ಇರುತ್ತೆ. ಮೋಟಾರ್ ಬದಲಿಸಿದರೆ ಆರ್‌ಟಿಒ ಅನುಮತಿ ಬೇಕು. ಅಪಘಾತ ಆದಾಗ ವಿಮೆಯವರು ನೋಡುವ ಸಂಗತಿಗಳಲ್ಲಿ ಇದೂ ಒಂದು.

ಕೈ ಹಾಕುವ ಮುಂಚೆ

ಗಾಡಿಯನ್ನು ಮಧ್ಯದ ಸ್ಟ್ಯಾಂಡಿನಲ್ಲಿ ನಿಲ್ಲಿಸಿ. ಚಕ್ರ ನೆಲ ಬಿಟ್ಟಿರಬೇಕು. ಬ್ಯಾಟರಿ ಸಾಲಿನ ಮುಖ್ಯ ಸ್ವಿಚ್ ಆದ ಎಂಸಿಬಿ ಆಫ್ ಮಾಡಿ, ಬ್ಯಾಟರಿಯ ಪ್ಲಗ್ ಕಿತ್ತಿಡಿ. ಕೈಯ ಉಂಗುರ, ಕಡಗ ತೆಗೆದಿಡಿ. 48 ವೋಲ್ಟ್ ಶಾಕ್ ಹೊಡೆಯೋದು ಕಡಿಮೆ, ಆದರೆ ಲಿಥಿಯಂ ಬ್ಯಾಟರಿಯ ಎರಡು ತುದಿಗೆ ಲೋಹ ತಾಗಿದರೆ ಬೆರಳು ಸುಡುತ್ತೆ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಒಂದು ಮಲ್ಟಿಮೀಟರ್, ಬೆಸುಗೆ ಹಾಕುವ ಐರನ್, ಬಿಸಿ ಮಾಡಿದರೆ ಕುಗ್ಗಿ ವೈರನ್ನು ಮುಚ್ಚುವ ಹೀಟ್ ಶ್ರಿಂಕ್ ಟ್ಯೂಬ್, ಸ್ಪ್ಯಾನರ್ ಸೆಟ್. ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಸಿಕ್ಕರೆ ಕೆಲಸ ಅರ್ಧ ಆದಂತೆ. ಕೊಳ್ಳುವಾಗ ಕೇಳಿ ತಗೊಳ್ಳಿ, ಕಡಿಮೆ ಬೆಲೆಯ ಕ್ಲ್ಯಾಂಪ್ ಮೀಟರುಗಳು ಎಸಿ ಕರೆಂಟ್ ಮಾತ್ರ ತೋರಿಸುತ್ತವೆ.

ಮೋಟಾರಿನಿಂದ ಹೊರಬರುವ ಕೇಬಲ್ಲಿನಲ್ಲಿ ಮೂರು ದಪ್ಪ ವೈರ್ ಇರುತ್ತವೆ. ಅವು ಫೇಸ್ ವೈರುಗಳು, ಮೋಟಾರನ್ನು ತಿರುಗಿಸುವ ಕರೆಂಟ್ ಹರಿಯುವುದು ಅವುಗಳಲ್ಲೇ. ಜೊತೆಗೆ ಐದು ಸಣ್ಣ ವೈರ್. ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್, ಉಳಿದ ಮೂರು ಹಾಲ್ ಸೆನ್ಸರಿನವು. ಮ್ಯಾಗ್ನೆಟ್ ಈಗ ಎಲ್ಲಿದೆ ಅಂತ ಈ ಸೆನ್ಸರುಗಳು ಹೇಳಿದರೇನೇ ಕಂಟ್ರೋಲರಿಗೆ ಯಾವ ಫೇಸಿಗೆ ಕರೆಂಟ್ ಕೊಡಬೇಕೆಂದು ತಿಳಿಯುವುದು. ಕೆಲವು ಮೋಟಾರಿನಲ್ಲಿ ಆರನೆಯದಾಗಿ ಒಂದು ಬಿಳಿ ವೈರ್ ಇರುತ್ತೆ, ಅದು ವೇಗಕ್ಕೋ ಬಿಸಿ ಅಳೆಯುವುದಕ್ಕೋ ಇಟ್ಟಿದ್ದು. ಸದ್ಯಕ್ಕೆ ಅದರ ತುದಿಗೆ ಟೇಪ್ ಸುತ್ತಿ ಬಿಟ್ಟುಬಿಡಿ.

ಕರೆಂಟಿಲ್ಲದೆ ಮಾಡುವ ಪರೀಕ್ಷೆ

ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆಗೆ ಮೀಟರೂ ಬೇಡ. ಮೂರು ಫೇಸ್ ವೈರುಗಳನ್ನು ಕಂಟ್ರೋಲರಿನಿಂದ ಬಿಡಿಸಿ, ಒಂದಕ್ಕೊಂದು ತಾಗದಂತೆ ಇಟ್ಟು, ಚಕ್ರವನ್ನು ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗಬೇಕು. ಈಗ ಯಾವುದಾದರೂ ಎರಡು ಫೇಸ್ ವೈರುಗಳ ತುದಿ ಸೇರಿಸಿ ಹಿಡಿದು ತಿರುಗಿಸಿ. ಕಟಕಟ ಅಂತ ತಡೆದು ತಡೆದು ತಿರುಗಬೇಕು. ಮೂರು ಜೋಡಿಯಲ್ಲೂ ತಡೆ ಒಂದೇ ಥರ ಇದ್ದರೆ ಮೋಟಾರಿನ ಸುರುಳಿ ಚೆನ್ನಾಗಿದೆ. ವೈರ್ ಬಿಡಿಸಿಟ್ಟಾಗಲೂ ಕಟಕಟ ಎಂದರೆ ಒಳಗೆ ಶಾರ್ಟ್ ಆಗಿದೆ. ಒಂದು ಜೋಡಿಯಲ್ಲಿ ಮಾತ್ರ ತಡೆ ಬಂದು ಉಳಿದೆರಡರಲ್ಲಿ ಬರದಿದ್ದರೆ ಆ ಎರಡಕ್ಕೂ ಸೇರಿದ ವೈರ್ ಎಲ್ಲೋ ತುಂಡಾಗಿದೆ.

ಇದನ್ನು ಮೀಟರಿನ ಓಮ್ ಅಳತೆಯಲ್ಲಿ ನೋಡಲು ಹೋಗಬೇಡಿ. ಸುರುಳಿಯ ರೆಸಿಸ್ಟೆನ್ಸ್ ಒಂದು ಓಮ್‌ಗಿಂತ ಎಷ್ಟೋ ಕಡಿಮೆ. ಸಾಮಾನ್ಯ ಮೀಟರಿಗೆ ಒಳ್ಳೆಯದೂ ಶಾರ್ಟ್, ಕೆಟ್ಟದ್ದೂ ಶಾರ್ಟ್. ಮೀಟರನ್ನು ಇಲ್ಲಿ ಒಂದೇ ಕೆಲಸಕ್ಕೆ ಬಳಸಿ. ಒಂದು ತುದಿ ಫೇಸ್ ವೈರಿಗೆ, ಇನ್ನೊಂದು ಆಕ್ಸಲ್ಲಿಗೆ. ಬೀಪ್ ಬಂದರೆ ಸುರುಳಿ ಬಾಡಿಗೆ ತಾಗಿದೆ, ಆ ಮೋಟಾರ್ ಹಾಕಬೇಡಿ.

ಗೇರ್ ಇರುವ ಹಬ್ ಮೋಟಾರ್ ಆದರೆ ಒಂದು ವಿಷಯ ನೆನಪಿಡಿ. ಸೈಕಲ್ಲಿಗೆ ಬರುವ ಸಣ್ಣ ಹಬ್ಬುಗಳಲ್ಲಿ ಒಳಗೆ ಕ್ಲಚ್ ಇರುತ್ತೆ. ಚಕ್ರ ಮುಂದಕ್ಕೆ ತಿರುಗಿಸಿದರೆ ಮೋಟಾರ್ ತಿರುಗುವುದೇ ಇಲ್ಲ. ಅಂಥದ್ದರಲ್ಲಿ ಎಲ್ಲ ಪರೀಕ್ಷೆಯನ್ನೂ ಚಕ್ರ ಹಿಂದಕ್ಕೆ ತಿರುಗಿಸಿ ಮಾಡಬೇಕು. ಇದು ಗೊತ್ತಿಲ್ಲದೆ ಚೆನ್ನಾಗಿರುವ ಸೆನ್ಸರನ್ನು ಸತ್ತಿದೆ ಎನ್ನುವವರು ಬಹಳ.

ಮೋಟಾರ್ ಸರಿ ಇದೆ ಎಂದಾದ ಮೇಲೆ ಕಂಟ್ರೋಲರ್ ನೋಡಿ. ಹಳೆ ಮೋಟಾರ್ ಸುಟ್ಟಿದ್ದರೆ ಅದು ಕಂಟ್ರೋಲರಿನೊಳಗೆ ಕರೆಂಟನ್ನು ಆನ್-ಆಫ್ ಮಾಡುವ ಮಾಸ್‌ಫೆಟ್ಟುಗಳನ್ನೂ ಜೊತೆಗೆ ಒಯ್ದಿರಬಹುದು. ಬ್ಯಾಟರಿ ಕಿತ್ತು ಸ್ವಲ್ಪ ಹೊತ್ತು ಬಿಟ್ಟು, ಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ. ಕೆಂಪು ಪ್ರೋಬ್ ಕಂಟ್ರೋಲರಿನ ಮೈನಸ್ ವೈರಿಗೆ, ಕಪ್ಪು ಪ್ರೋಬ್ ಒಂದೊಂದೇ ಫೇಸಿಗೆ. ಮೂರರಲ್ಲೂ ಸುಮಾರು 0.4, 0.5 ಬರಬೇಕು. ಆಮೇಲೆ ಕಪ್ಪು ಪ್ರೋಬನ್ನು ಪ್ಲಸ್ ವೈರಿಗೆ ಇಟ್ಟು ಕೆಂಪನ್ನು ಒಂದೊಂದೇ ಫೇಸಿಗೆ ಮುಟ್ಟಿಸಿ. ಮತ್ತೆ ಅಷ್ಟೇ ಬರಬೇಕು. ಎಲ್ಲಾದರೂ ಸೊನ್ನೆ ಬಂದರೆ ಮಾಸ್‌ಫೆಟ್ ಹೋಗಿದೆ. ಅದಕ್ಕೆ ಹೊಸ ಮೋಟಾರ್ ಕಟ್ಟಿ ಕರೆಂಟ್ ಕೊಡುವುದರಿಂದ ಏನೂ ಲಾಭವಿಲ್ಲ.

ಏನೂ ಆಗದೇ ಇದ್ದರೆ

ಡಿಸ್‌ಪ್ಲೇ ಹತ್ತುತ್ತೆ, ಥ್ರಾಟಲ್ ತಿರುವಿದರೆ ಮೋಟಾರ್ ಅಲ್ಲಾಡುವುದೇ ಇಲ್ಲ. ಇಂಥ ಹೊತ್ತಿನಲ್ಲಿ ಮೋಟಾರನ್ನು ಬಿಟ್ಟು ಬ್ರೇಕ್ ಲಿವರಿನ ಸ್ವಿಚ್ ನೋಡಿ. ಬ್ರೇಕ್ ಹಿಡಿದಾಗ ಮೋಟಾರ್ ನಿಲ್ಲಿಸಲು ಅದರಿಂದ ಒಂದು ವೈರ್ ಕಂಟ್ರೋಲರಿಗೆ ಹೋಗುತ್ತೆ. ಚಕ್ರ ಬಿಚ್ಚುವಾಗ ವೈರ್ ಎಳೆದಾಡಿ, ಬ್ರೇಕ್ ಕೇಬಲ್ ಬಿಗಿ ಮಾಡಿ, ಲಿವರ್ ಅರೆ ಹಿಡಿದಂತೆಯೇ ನಿಂತಿರುತ್ತೆ. ಆ ಪ್ಲಗ್ ಕಿತ್ತು ನೋಡಿದರೆ ಗೊತ್ತಾಗುತ್ತೆ. ಸೈಡ್ ಸ್ಟ್ಯಾಂಡ್ ಸ್ವಿಚ್ಚೂ ಹಾಗೆಯೇ.

ಅದು ಸರಿ ಇದ್ದರೆ 5 ವೋಲ್ಟ್ ಹುಡುಕಿ. ಥ್ರಾಟಲ್ ಪ್ಲಗ್ಗಿನ ಕೆಂಪು, ಕಪ್ಪಿನ ನಡುವೆ 5 ವೋಲ್ಟ್ ಹತ್ತಿರ ಇರಬೇಕು. ಸಿಗ್ನಲ್ ವೈರಿನಲ್ಲಿ ಥ್ರಾಟಲ್ ಬಿಟ್ಟಾಗ 0.8 ವೋಲ್ಟ್ ಆಸುಪಾಸು, ಪೂರ್ತಿ ತಿರುವಿದಾಗ 3.5ರಿಂದ 4.2ರವರೆಗೆ ಏರಬೇಕು.

ಇಲ್ಲಿ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಬೀದಿಗೆ ಹಾಲು ಹಾಕುವ ಹುಡುಗನ 48 ವೋಲ್ಟಿನ ಸ್ಕೂಟರಿಗೆ ಬೇರೆ ಗಾಡಿಯ ಚಕ್ರ ಹಾಕಿಸಿದ್ದರು. ಡಿಸ್‌ಪ್ಲೇ ಇದೆ, ಓಟ ಇಲ್ಲ. "ಅಣ್ಣಾ, ಥ್ರಾಟಲ್ಲೂ ಹೋಯ್ತು, ಕಂಟ್ರೋಲರೂ ಹೋಯ್ತು ಅಂತಾರೆ, ಎರಡೂ ಹೊಸದು ತಗೊಬೇಕಂತೆ" ಅಂದ. ಥ್ರಾಟಲ್ ಪ್ಲಗ್ಗಿನಲ್ಲಿ 5 ವೋಲ್ಟ್ ಬದಲು ಅರ್ಧ ವೋಲ್ಟೂ ಇರಲಿಲ್ಲ. ಮೋಟಾರಿನ ಹಾಲ್ ಪ್ಲಗ್ ಕಿತ್ತೆ. ತಕ್ಷಣ 5 ವೋಲ್ಟ್ ವಾಪಸ್ ಬಂತು. ಅಂದರೆ ಥ್ರಾಟಲ್ ಸರಿ, ಕಂಟ್ರೋಲರೂ ಸರಿ. ಥ್ರಾಟಲ್‌ಗೂ ಹಾಲ್ ಸೆನ್ಸರಿಗೂ 5 ವೋಲ್ಟ್ ಹೋಗುವುದು ಒಂದೇ ಕಡೆಯಿಂದ. ಮೋಟಾರಿನ ಕೇಬಲ್ಲಿನಲ್ಲಿ ಕೆಂಪು, ಕಪ್ಪು ಶಾರ್ಟ್ ಆಗಿ ಎರಡನ್ನೂ ಕೆಳಗೆಳೆದಿತ್ತು. ಕೇಬಲ್ ಆಕ್ಸಲ್ಲಿನಿಂದ ಹೊರಬರುವ ಜಾಗದಲ್ಲಿ ಟಾರ್ಚ್ ಹಿಡಿದು ನೋಡಿದರೆ ವಾಷರಿನ ಅಂಚು ರಬ್ಬರ್ ಹೊದಿಕೆಯನ್ನು ಅರ್ಧಚಂದ್ರದಂತೆ ಕುಯ್ದಿತ್ತು. ಒಳಗಿನ ಎರಡು ಸಣ್ಣ ವೈರಿನ ತಾಮ್ರ ಮಿಂಚುತ್ತಿತ್ತು. ಎರಡನ್ನೂ ಬೇರೆ ಬೇರೆ ಹೀಟ್ ಶ್ರಿಂಕ್ ಮಾಡಿ, ಮೇಲೊಂದು ದಪ್ಪ ಟ್ಯೂಬ್ ಹಾಕಿ, ವಾಷರಿನ ಅಂಚು ಅರ ತೀಡಿ ಕೂರಿಸಿದ ಮೇಲೆ ಗಾಡಿ ಓಡಿತು.

ಅವನ ಅದೃಷ್ಟಕ್ಕೆ ಶಾರ್ಟ್ ಆದದ್ದು ಸಣ್ಣ ವೈರುಗಳ ನಡುವೆ. ಅದೇ ಜಾಗದಲ್ಲಿ ದಪ್ಪ ಫೇಸ್ ವೈರ್ ಹಾಲ್ ವೈರಿಗೆ ತಾಗಿದ್ದರೆ ಬ್ಯಾಟರಿಯ ಪೂರ್ತಿ ವೋಲ್ಟೇಜ್ 5 ವೋಲ್ಟಿನ ಸಾಲಿಗೆ ನುಗ್ಗಿ ಸೆನ್ಸರು, ಕಂಟ್ರೋಲರು ಎರಡೂ ಒಟ್ಟಿಗೆ ಹೋಗುತ್ತಿದ್ದವು. ಬೇರೆ ಗಾಡಿಯಿಂದ ತಂದ ಚಕ್ರದಲ್ಲಿ ಮೊದಲು ನೋಡಬೇಕಾದ ಜಾಗ ಇದೇ.

ಹಾಲ್ ಸೆನ್ಸರ್ ಮೂರೂ ಬದುಕಿವೆಯೇ?

ಹಾಲ್ ಪ್ಲಗ್ ಸಿಕ್ಕಿಸಿ, ಗಾಡಿ ಆನ್ ಮಾಡಿ, ಥ್ರಾಟಲ್ ಮುಟ್ಟಬೇಡಿ. ಮೀಟರಿನ ಕಪ್ಪು ಪ್ರೋಬ್ ಪ್ಲಗ್ಗಿನ ಹಿಂದಿನಿಂದ ಕಪ್ಪು ವೈರಿಗೆ, ಕೆಂಪು ಪ್ರೋಬ್ ಹಳದಿ ಹಾಲ್ ವೈರಿಗೆ. ಚಕ್ರವನ್ನು ತೀರಾ ನಿಧಾನವಾಗಿ ತಿರುಗಿಸಿ. ಮೀಟರ್ 5ರ ಹತ್ತಿರಕ್ಕೆ ಏರಿ, ಸೊನ್ನೆಗೆ ಇಳಿದು, ಮತ್ತೆ ಏರಬೇಕು. ಹಸಿರು, ನೀಲಿಯಲ್ಲೂ ಹಾಗೆಯೇ. ಒಂದು ಯಾವಾಗಲೂ 5ರಲ್ಲೇ ಅಥವಾ ಸೊನ್ನೆಯಲ್ಲೇ ನಿಂತರೆ ಆ ಸೆನ್ಸರ್ ಸತ್ತಿದೆ ಅಥವಾ ಅದರ ವೈರ್ ತುಂಡಾಗಿದೆ. ಕಂಟ್ರೋಲರಿಗೆ ಕಟ್ಟದೆ ಬೇರೆ 5 ವೋಲ್ಟ್ ಕೊಟ್ಟು ಅಳೆದರೆ ಏನೂ ಕಾಣದು. ಸೆನ್ಸರಿನ ಸಿಗ್ನಲ್ಲನ್ನು ಮೇಲಕ್ಕೆ ಎತ್ತುವ ರೆಸಿಸ್ಟರ್ ಇರುವುದು ಕಂಟ್ರೋಲರಿನಲ್ಲಿ.

ಸತ್ತ ಸೆನ್ಸರಿನ ಲಕ್ಷಣವೂ ಬೇರೆಯೇ. ಚಕ್ರ ಕೆಲವು ಜಾಗದಿಂದ ಸರಿಯಾಗಿ ಹೊರಡುತ್ತೆ, ಕೆಲವು ಜಾಗದಲ್ಲಿ ಸುಮ್ನೆ ನಡುಗುತ್ತೆ. ಕಾಲಲ್ಲಿ ತಳ್ಳಿದರೆ ಹೊರಟುಬಿಡುತ್ತೆ. ಹೀಗೆ ತಳ್ಳಿಕೊಂಡೇ ತಿಂಗಳುಗಟ್ಟಲೆ ಓಡಿಸುವವರಿದ್ದಾರೆ. ಓಡಿಸಬೇಡಿ. ಪ್ರತಿ ಸಲ ನಡುಗುವಾಗಲೂ ಕಂಟ್ರೋಲರಿನ ಮೇಲೆ ಬೀಳುವ ಹೊರೆ ಸಣ್ಣದಲ್ಲ.

ಮೂರೂ ಏರಿಳಿದರೂ ಇನ್ನೊಂದು ಪರೀಕ್ಷೆ ಬಾಕಿ ಇದೆ. ಚಕ್ರವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ, ಪ್ರತಿ ಹಂತದಲ್ಲೂ ಮೂರನ್ನೂ ಅಳೆದು ಬರೆದುಕೊಳ್ಳಿ. ಈಗಿನ ಹೆಚ್ಚಿನ ಮೋಟಾರುಗಳು 120 ಡಿಗ್ರಿಯವು, ಅಂದರೆ ಮೂರು ಸೆನ್ಸರಿನ ಸಿಗ್ನಲ್ಲುಗಳ ನಡುವಿನ ಅಂತರ ಅಷ್ಟು. ಅವುಗಳಲ್ಲಿ ಮೂರೂ ಒಟ್ಟಿಗೆ 5, ಅಥವಾ ಮೂರೂ ಒಟ್ಟಿಗೆ ಸೊನ್ನೆ ಎಂದೂ ಬರುವುದಿಲ್ಲ. ಬಂದರೆ ಅದು 60 ಡಿಗ್ರಿ ಮೋಟಾರ್. ಕಂಟ್ರೋಲರ್ 120 ಡಿಗ್ರಿಯದಾಗಿದ್ದರೆ ವೈರ್ ಎಷ್ಟು ಅದಲುಬದಲು ಮಾಡಿದರೂ ಅದು ಓಡದು. ಎರಡನ್ನೂ ಒಪ್ಪುವ ಕಂಟ್ರೋಲರ್ ತರಬೇಕು.

ಸೆನ್ಸರ್ ಬದಲಿಸುವುದು ಮನೆಯಲ್ಲೇ ಆಗುವ ಕೆಲಸ. ಹಬ್ ಮೋಟಾರಿನಲ್ಲಿ ಸಾಮಾನ್ಯವಾಗಿ 41ಎಫ್ ಎಂದು ಅಚ್ಚಾದ, ಮೂರು ಕಾಲಿನ ಪುಟ್ಟ ಕಪ್ಪು ಸೆನ್ಸರ್ ಇರುತ್ತೆ. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಸಿಗುತ್ತೆ, ಬೆಲೆ ಅಲ್ಪ. ಕಷ್ಟ ಇರುವುದು ಮೋಟಾರ್ ಬಿಚ್ಚುವುದರಲ್ಲಿ. ಮ್ಯಾಗ್ನೆಟ್ಟುಗಳು ಒಳಗಿನ ಸುರುಳಿಯನ್ನು ಬಿಗಿಯಾಗಿ ಹಿಡಿದಿರುತ್ತವೆ. ಬಿಗಿಯಾದದ್ದನ್ನು ಎಳೆದು ತೆಗೆಯುವ ಪುಲ್ಲರ್ ಇಲ್ಲದೆ ಎಳೆದರೆ ಬರುವುದಿಲ್ಲ, ಬಂದದ್ದು ಫಕ್ಕನೆ ವಾಪಸ್ ಹೋಗಿ ಬೆರಳು ಜಜ್ಜುತ್ತೆ. ಇಬ್ಬರು ಇರಿ. ಒಳಗೆ ಸೆನ್ಸರುಗಳು ಸುರುಳಿಯ ಹಲ್ಲುಗಳ ನಡುವಿನ ಸಂದಿನಲ್ಲಿ ಅಂಟಿನಲ್ಲಿ ಕೂತಿರುತ್ತವೆ. ತೆಗೆಯುವ ಮುಂಚೆ ಫೋಟೋ ತೆಗೆಯಿರಿ, ಅಚ್ಚಿನ ಮುಖ ಯಾವ ಕಡೆ ಇತ್ತು ಅನ್ನೋದು ಮುಖ್ಯ. ಅಚ್ಚು ನಿಮ್ಮ ಕಡೆ ಇದ್ದಾಗ ಎಡದಿಂದ ಮೊದಲ ಕಾಲು 5 ವೋಲ್ಟ್, ನಡುವಿನದು ಗ್ರೌಂಡ್, ಮೂರನೆಯದು ಸಿಗ್ನಲ್. ಒಂದೇ ಸತ್ತಿದ್ದರೂ ಮೂರನ್ನೂ ಬದಲಿಸಿ. ಮತ್ತೊಮ್ಮೆ ಆ ಮೋಟಾರ್ ಬಿಚ್ಚುವ ಕೆಲಸ ಯಾರಿಗೂ ಬೇಡ.

ನಡುಗು, ಗುರ್‌ಗುಟ್ಟು, ಹಿಂದಕ್ಕೆ ಓಟ

ಸುರುಳಿ ಸರಿ, ಮಾಸ್‌ಫೆಟ್ ಸರಿ, ಸೆನ್ಸರ್ ಮೂರೂ ಸರಿ. ಆದರೂ ನಡುಗುತ್ತೆ ಎಂದರೆ ವೈರಿನ ಕ್ರಮ ತಪ್ಪಿದೆ. ಮೋಟಾರ್ ಬದಲಿಸಿದವರಿಗೆ ಎದುರಾಗುವ ಮುಖ್ಯ ತೊಂದರೆ ಇದು. ಇದನ್ನು ಸಾವಧಾನವಾಗಿ ನೋಡಬೇಕು.

ಕೆಲವು ಕಂಟ್ರೋಲರುಗಳಲ್ಲಿ ಲರ್ನಿಂಗ್ ವೈರ್ ಎಂಬ ಎರಡು ಸಣ್ಣ ತುದಿಗಳಿರುತ್ತವೆ, ಹೆಚ್ಚಾಗಿ ಬಿಳಿ ಬಣ್ಣದವು. ಚಕ್ರ ನೆಲ ಬಿಟ್ಟಿರುವಾಗ ಅವೆರಡನ್ನು ಸೇರಿಸಿ ಆನ್ ಮಾಡಿದರೆ ಮೋಟಾರ್ ತಾನೇ ತಿರುಗಿ ಕ್ರಮ ಕಂಡುಕೊಳ್ಳುತ್ತೆ. ಹಿಂದಕ್ಕೆ ತಿರುಗಿದರೆ ಬಿಡಿಸಿ ಮತ್ತೆ ಸೇರಿಸಿ. ಮುಂದಕ್ಕೆ ಸಲೀಸಾಗಿ ತಿರುಗಿದಾಗ ಬಿಡಿಸಿ ಟೇಪ್ ಹಾಕಿ. ಈ ವೈರ್ ಇದ್ದರೆ ಕೆಳಗಿನದೆಲ್ಲ ಬೇಡ.

ಇಲ್ಲದಿದ್ದರೆ ಕೈಯಲ್ಲೇ ಹುಡುಕಬೇಕು. ಮೂರು ಫೇಸನ್ನು ಆರು ಥರ ಸೇರಿಸಬಹುದು, ಮೂರು ಹಾಲ್ ವೈರನ್ನೂ ಆರು ಥರ. ಒಟ್ಟು 36. ಇದನ್ನು ಕೇಳಿಯೇ ಜನ ಕೈ ಬಿಡುತ್ತಾರೆ. 36 ನೋಡಬೇಕಾಗಿಲ್ಲ. ಹಾಲ್ ವೈರುಗಳನ್ನು ಇದ್ದಂತೆಯೇ ಬಿಡಿ, ಅವುಗಳ ಪಿನ್ ಪದೇಪದೇ ಕಿತ್ತರೆ ಸಡಿಲವಾಗುತ್ತೆ. ಫೇಸ್ ವೈರನ್ನು ಮಾತ್ರ ಬದಲಿಸಿ. ಕಂಟ್ರೋಲರಿನ ಹಳದಿ, ಹಸಿರು, ನೀಲಿಗೆ ಮೋಟಾರಿನ ವೈರುಗಳು ಈ ಕ್ರಮದಲ್ಲಿ:

ಮೊದಲ ಗುಂಪು: ಹಳದಿ-ಹಸಿರು-ನೀಲಿ, ಹಸಿರು-ನೀಲಿ-ಹಳದಿ, ನೀಲಿ-ಹಳದಿ-ಹಸಿರು.

ಎರಡನೇ ಗುಂಪು: ಹಳದಿ-ನೀಲಿ-ಹಸಿರು, ನೀಲಿ-ಹಸಿರು-ಹಳದಿ, ಹಸಿರು-ಹಳದಿ-ನೀಲಿ.

ಈ ಆರರಲ್ಲಿ ಸರಿಯಾದದ್ದು ಒಂದೇ. ಅದಿರುವ ಗುಂಪಿನ ಇನ್ನೆರಡು ಕ್ರಮದಲ್ಲಿ ಮೋಟಾರ್ ತಿರುಗುತ್ತೆ, ಆದರೆ ಉಲ್ಟಾ ದಿಕ್ಕಿಗೆ, ಗರಗರ ಸದ್ದಿನಲ್ಲಿ, ಜಾಸ್ತಿ ಕರೆಂಟ್ ಎಳೆಯುತ್ತಾ. ಇನ್ನೊಂದು ಗುಂಪಿನ ಮೂರರಲ್ಲೂ ಒಂದು ಜರ್ಕ್ ಹೊಡೆದು ಅಲ್ಲೇ ನಿಂತು ಗುಂಯ್ ಅನ್ನುತ್ತೆ. ಹಾಗಾಗಿ ಮೊದಲನೆಯದರಲ್ಲೇ ಬರೀ ನಡುಗಿದರೆ ಆ ಗುಂಪನ್ನೇ ಬಿಟ್ಟು ಎರಡನೇ ಗುಂಪಿಗೆ ಹೋಗಿ. ಪ್ರತಿ ಸಲ ಎಂಸಿಬಿ ಆಫ್ ಮಾಡಿಯೇ ವೈರ್ ಬದಲಿಸಿ. ಥ್ರಾಟಲ್ ಎರಡು ಮೂರು ಸೆಕೆಂಡ್ ಮಾತ್ರ, ಅದೂ ಸ್ವಲ್ಪವೇ ತಿರುವಿ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬಂದೆವು. ಚಕ್ರ ಮುಂದಕ್ಕೆ ತಿರುಗಿದ್ದೇ ಸರಿ ಅಂದುಕೊಂಡು ನಿಲ್ಲಿಸಬೇಡಿ. ಸರಿಯಾದ ಕ್ರಮದಲ್ಲಿ ಮೋಟಾರ್ ಹಿಂದಕ್ಕೆ ತಿರುಗುತ್ತಿರಬಹುದು, ಮುಂದಕ್ಕೆ ತಿರುಗುತ್ತಿರುವುದು ತಪ್ಪು ಕ್ರಮ ಇರಬಹುದು. ಅಂಥ ಗಾಡಿ ಸ್ಟ್ಯಾಂಡಿನ ಮೇಲೆ ಓಡುತ್ತೆ, ರಸ್ತೆಯಲ್ಲಿ ಏಳುವುದಿಲ್ಲ, ಸ್ವಲ್ಪ ದೂರಕ್ಕೇ ಮೋಟಾರ್ ಕಾಯುತ್ತೆ, ಕಂಟ್ರೋಲರ್ ಸುಡುತ್ತೆ. ದಿಕ್ಕು ನೋಡಬೇಡಿ. ಸದ್ದು ಕೇಳಿ, ಕರೆಂಟ್ ಅಳೆಯಿರಿ. ಬ್ಯಾಟರಿಯ ಒಂದು ವೈರಿಗೆ ಕ್ಲ್ಯಾಂಪ್ ಮೀಟರ್ ಹಾಕಿ. ಸರಿಯಾದ ಕ್ರಮದಲ್ಲಿ, ಚಕ್ರ ನೆಲ ಬಿಟ್ಟಿರುವಾಗ, ಸಣ್ಣ ಹಬ್ ಮೋಟಾರ್ ಎಳೆಯುವುದು 1ರಿಂದ 2 ಆಂಪಿಯರ್ ಅಷ್ಟೇ. ತಪ್ಪು ಕ್ರಮದಲ್ಲಿ ಅದರ ಎಷ್ಟೋ ಪಟ್ಟು ಎಳೆಯುತ್ತೆ. ಇದನ್ನು ಒಮ್ಮೆ ಕಣ್ಣಾರೆ ಕಂಡವರು ಮತ್ತೆ ಅನುಮಾನ ಪಡುವುದಿಲ್ಲ.

ಸದ್ದಿಲ್ಲದ, ಕಡಿಮೆ ಕರೆಂಟಿನ ಕ್ರಮ ಸಿಕ್ಕಿ, ಚಕ್ರ ಹಿಂದಕ್ಕೆ ತಿರುಗುತ್ತಿದ್ದರೆ ಈಗ ಹಾಲ್ ವೈರುಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ. ಕೆಂಪು, ಕಪ್ಪನ್ನು ಮುಟ್ಟಬೇಡಿ. ಆಮೇಲೆ ಫೇಸ್ ವೈರಿನ ಇನ್ನೊಂದು ಗುಂಪಿನ ಮೂರು ಕ್ರಮ ನೋಡಿ. ಅದರಲ್ಲಿ ಒಂದು ಸಲೀಸಾಗಿ ಮುಂದಕ್ಕೆ ತಿರುಗುತ್ತೆ. ಸಿಕ್ಕ ಕ್ರಮವನ್ನು ಕಾಗದದಲ್ಲಿ ಬರೆದು ಸೀಟಿನ ಕೆಳಗೆ ಅಂಟಿಸಿ. ಮುಂದೆ ಯಾರೇ ಬಿಚ್ಚಿದರೂ "ಬಣ್ಣ ತಪ್ಪಾಗಿದೆ" ಅಂತ ಸರಿ ಮಾಡಲು ಹೋಗದಿರಲಿ.

ಓಡುತ್ತೆ, ಆದರೆ ಸರಿಯಿಲ್ಲ

ವೇಗ ಕಡಿಮೆ ಅಥವಾ ಜಾಸ್ತಿ ಆಗಿದ್ದರೆ ಅದು ದೋಷವಲ್ಲ, ಮೋಟಾರಿನ ಸ್ವಭಾವ. 36 ವೋಲ್ಟಿಗೆ ಸುತ್ತಿದ ಮೋಟಾರ್ 48 ವೋಲ್ಟಿನಲ್ಲಿ ಮೂರನೇ ಒಂದು ಭಾಗ ಜಾಸ್ತಿ ವೇಗವಾಗಿ ತಿರುಗುತ್ತೆ. 60 ವೋಲ್ಟಿನದು 48ರಲ್ಲಿ ನಿಧಾನ. ಚಕ್ರದ ಅಳತೆ ಬೇರೆಯಾದರೂ ಹೀಗಾಗುತ್ತೆ. ಡಿಸ್‌ಪ್ಲೇ ತೋರಿಸುವ ವೇಗ ಸುಳ್ಳಾದರೆ ಹೊಸ ಮೋಟಾರಿನ ಮ್ಯಾಗ್ನೆಟ್ ಸಂಖ್ಯೆ ಬೇರೆ ಇದೆ ಎಂದರ್ಥ. ಸೆಟ್ಟಿಂಗ್ ಇರುವ ಡಿಸ್‌ಪ್ಲೇಯಲ್ಲಿ ಅದನ್ನು ತಿದ್ದಬಹುದು.

ಬಿಸಿಯ ವಿಷಯ ಹಾಗಲ್ಲ. ಮೋಟಾರಿನ ಮೇಲೆ ಬರೆದ ವಾಟ್ ಬರೀ ಗುರುತು, ಎಷ್ಟು ಕರೆಂಟ್ ನುಗ್ಗಬೇಕೆಂದು ತೀರ್ಮಾನಿಸುವುದು ಕಂಟ್ರೋಲರ್. 30 ಆಂಪಿಯರ್ ಕಂಟ್ರೋಲರಿಗೆ 250 ವಾಟಿನ ಮೋಟಾರ್ ಕಟ್ಟಿದರೆ ಏರಿನಲ್ಲಿ ಅದು ತನಗೆ ಆಗದಷ್ಟು ತಿನ್ನುತ್ತೆ. ಮಡಿಕೇರಿ, ಚಿಕ್ಕಮಗಳೂರಿನಂಥ ಏರು ರಸ್ತೆಯಲ್ಲಿ ಸುರುಳಿಯ ವಾರ್ನಿಶ್ ವಾಸನೆ ಬರಲು ಹೆಚ್ಚು ಹೊತ್ತು ಬೇಕಿಲ್ಲ. ಮೋಟಾರಿಗೆ ತಕ್ಕ ಕಂಟ್ರೋಲರ್ ಹಾಕಿ.

ಕೊನೆಯದು ಆಕ್ಸಲ್. ಇದರಲ್ಲಿ ರಾಜಿ ಬೇಡವೇ ಬೇಡ. ಹಬ್ ಮೋಟಾರಿನಲ್ಲಿ ಚಕ್ರವನ್ನು ಮುಂದಕ್ಕೆ ತಳ್ಳುವಷ್ಟೇ ಬಲ ಆಕ್ಸಲ್ಲನ್ನು ಹಿಂದಕ್ಕೆ ತಿರುಚುತ್ತೆ. ಅದನ್ನು ತಡೆಯುವುದು ಆಕ್ಸಲ್ಲಿನ ಎರಡು ಚಪ್ಪಟೆ ಬದಿಗಳು. ಸೈಕಲ್ಲಿನಲ್ಲಿ ಅವುಗಳ ನಡುವಿನ ಅಳತೆ ಸಾಮಾನ್ಯವಾಗಿ 10 ಮಿಲಿಮೀಟರ್. ಬೇರೆ ಗಾಡಿಯ ಚಕ್ರ ಸಲೀಸಾಗಿ ಒಳಹೋಯಿತು ಎಂದರೆ ಸಂದು ದೊಡ್ಡದಿದೆಯೇ ನೋಡಿ. ಆಕ್ಸಲ್ ಅಲ್ಲಾಡುವಷ್ಟು ಸಡಿಲ ಇದ್ದರೆ ನಟ್ ಎಷ್ಟು ಬಿಗಿ ಮಾಡಿದರೂ ಒಂದು ದಿನ ಅದು ಗಿರಕಿ ಹೊಡೆದು ಕೇಬಲ್ಲನ್ನು ಸುತ್ತಿ ಹರಿಯುತ್ತೆ. ಎರಡೂ ಬದಿಗೆ, ಆಕ್ಸಲ್ ತಿರುಗದಂತೆ ಫ್ರೇಮಿಗೆ ಹಿಡಿದಿಡುವ ಉಕ್ಕಿನ ಪಟ್ಟಿ, ಅಂದರೆ ಟಾರ್ಕ್ ಆರ್ಮ್ ಹಾಕಿ. ಕೇಬಲ್ ಆಕ್ಸಲ್ಲಿನಿಂದ ಹೊರಬಂದು ಕೆಳಗೆ ಬಾಗಿ, ಆಮೇಲೆ ಮೇಲಕ್ಕೆ ಹೋಗಲಿ. ಮಳೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತೆ, ವೈರ್ ಹಿಡಿದು ಮೋಟಾರಿನೊಳಗೆ ಇಳಿಯುವುದಿಲ್ಲ.

ಮೊದಲ ಓಟ ಸಮತಟ್ಟು ರಸ್ತೆಯಲ್ಲಿ, ಒಬ್ಬರೇ, ಒಂದೆರಡು ಕಿಲೋಮೀಟರ್ ಇರಲಿ. ಬಂದ ಮೇಲೆ ಆಕ್ಸಲ್ ನಟ್‌ಗೆ ಮತ್ತೆ ಸ್ಪ್ಯಾನರ್ ಹಾಕಿ ನೋಡಿ, ಮೊದಲ ಓಟದಲ್ಲಿ ವಾಷರ್ ಕೂತು ಸ್ವಲ್ಪ ಸಡಿಲವಾಗುವುದು ಸಹಜ. ಫೇಸ್ ವೈರಿನ ಜೋಡಣೆಗಳನ್ನು ಬೆರಳಲ್ಲಿ ಮುಟ್ಟಿ. ಮೂರರಲ್ಲಿ ಒಂದು ಮಾತ್ರ ಬಿಸಿ ಇದ್ದರೆ ಅಲ್ಲಿ ಬಿಗಿ ಸಾಲದು, ಬಿಚ್ಚಿ ಉಜ್ಜಿ ಮತ್ತೆ ಕಟ್ಟಿ. ಹಬ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ತೊಂದರೆ ಇಲ್ಲ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಮತ್ತೆ ಓಡಿಸದೆ ಸ್ಟ್ಯಾಂಡಿಗೆ ಹಾಕಿ, ಕ್ಲ್ಯಾಂಪ್ ಮೀಟರ್ ಹಿಡಿದು ಫೇಸ್ ಕ್ರಮವನ್ನು ಇನ್ನೊಮ್ಮೆ ನೋಡಿ.